ಚಿತ್ರದಿಂದ ಹೇಳಲಾಗದು

ನಾನು ಈಗ ಪಾಠ ಮಾಡುವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮರದ ಕಪಾಟುಗಳಿಗೆ ಆಗಾಗ ಗೆದ್ದಲಿನ ಔಷಧಿ ಹೊಡೆಸುತ್ತಾರೆ. ಈ ಸಲ ಆ ಕೆಲಸದವರು ಬಂದಾಗ ನಾನು ಒಳಗೇ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸ್ವಲ್ಪ ಬೆಳ್ಳುಳ್ಳಿಯಂತೆ, ಸ್ವಲ್ಪ ಸೀಮೆಎಣ್ಣೆಯಂತೆ ಬರುವ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಪತ್ರಿಕೆಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಪಂಪು ಹಿಡಿದಿದ್ದವರು ಏನೂ ಆಗುವುದಿಲ್ಲ ಮೇಡಂ, ಇದು ಹುಳಕ್ಕೆ ಮಾತ್ರ ಎಂದು ಸಮಾಧಾನ ಹೇಳಿದರು. ವರಾಂಡದ ಕಂಬಕ್ಕೆ ಒರಗಿ ನಿಂತೆ. ಆ ಹೊತ್ತಿಗಾಗಲೇ ಮನಸ್ಸು ವರ್ತೂರಿನ ಒಂದು ಹಿತ್ತಿಲಿಗೆ ಹೋಗಿ ಮುಟ್ಟಿತ್ತು. ಅಲ್ಲಿ ನಾನು ಕಳೆದದ್ದು ಒಂದೇ ಒಂದು ಮಳೆಗಾಲ.

ಆಗ ನಾವಿದ್ದದ್ದು ವರ್ತೂರು ಕೋಡಿಯಿಂದ ಸ್ವಲ್ಪ ಒಳಗೆ, ರತ್ನಮ್ಮ ಎಂಬುವರ ಕಟ್ಟಡದ ಮೇಲಿನ ಮಹಡಿಯಲ್ಲಿ. ಮೊದಲು ಅದು ಅವರ ರಾಗಿ ಹೊಲವಂತೆ. ಹೊಲ ಸೈಟುಗಳಾಗಿ, ಸೈಟುಗಳು ಅಪಾರ್ಟ್‌ಮೆಂಟುಗಳಾಗಿ, ಕಡೆಗೆ ಅವರ ಪಾಲಿಗೆ ಉಳಿದ ತುಂಡಿನಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಹಿಂದೆ ಒಂದು ಹಳೆಯ ಮಾವಿನ ಮರ, ಬಟ್ಟೆ ಒಗೆಯುವ ಕಲ್ಲು, ರತ್ನಮ್ಮನವರ ನಾಟಿ ಕೋಳಿಗಳು. ಮರ ಕಡಿಯದೆ ಮೆಟ್ಟಿಲು ಬರುವುದಿಲ್ಲ ಎಂದ ಮೇಸ್ತ್ರಿಗೆ, ಹಾಗಾದರೆ ಮೆಟ್ಟಿಲನ್ನೇ ತಿರುಗಿಸು ಎಂದಿದ್ದರಂತೆ. ಅದಕ್ಕೇ ನಮ್ಮ ಮೆಟ್ಟಿಲು ನಡುವೆ ಒಂದು ಕಡೆ ಸೊಟ್ಟ ತಿರುಗಿ, ಕೊಂಬೆಯೊಂದು ಕೈಗೆ ಸಿಗುವಷ್ಟು ಹತ್ತಿರದಿಂದ ಮೇಲೆ ಹೋಗುತ್ತಿತ್ತು. ಕೆಳಗಿನ ಮನೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸ ಮಾಡುವ ಸಂಸಾರಗಳಿದ್ದವು. ಬೆಳಿಗ್ಗೆ ಅವರ ರೊಟ್ಟಿ ಬಡಿಯುವ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು. ಜೋರು ಮಳೆಯ ಮರುದಿನ ಕೊಳಚೆ ನೀರು ಸೇರುವ ವರ್ತೂರು ಕೆರೆಯ ನೊರೆ ಗಾಳಿಗೆದ್ದು ರಸ್ತೆಗೆ ಬರುತ್ತಿತ್ತು, ಬಸ್ಸಿನಲ್ಲಿದ್ದವರೆಲ್ಲ ಮಾತಿಲ್ಲದೆ ಕಿಟಕಿ ಎಳೆದುಕೊಳ್ಳುತ್ತಿದ್ದರು.

ನಾವು ಎಂದರೆ ನಾನು ಮತ್ತು ಪಲ್ಲವಿ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ನನಗೆ ಬೇಗ ಮಾತು ಬರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವವಳು. ಪಲ್ಲವಿ ಆ ಚಿಲ್ಲರೆಯನ್ನು ನನ್ನ ಪರವಾಗಿ ಕೇಳಿ ತರುವವಳು. ಮೌಖಿಕ ಪರೀಕ್ಷೆಯ ದಿನ ನನ್ನ ಕೈ ತಣ್ಣಗಾದರೆ ಅವಳ ಅಂಗೈಯಲ್ಲಿ ಹಿಡಿದು ಉಜ್ಜುತ್ತಿದ್ದಳು. ಓದು ಮುಗಿದು ಅವಳಿಗೆ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ಕೆಲಸವಾಯಿತು. ಆರು ತಿಂಗಳಾಗುವುದರೊಳಗೆ ನನ್ನನ್ನೂ ಕರೆಸಿಕೊಂಡಳು. ಅವಳಿಲ್ಲದಿದ್ದರೆ ನಾನು ಆ ಊರಿಗೆ ಬರುತ್ತಿರಲಿಲ್ಲ. ಬಂದರೂ ನಿಲ್ಲುತ್ತಿರಲಿಲ್ಲ.

ಕಂಪನಿ ರೈತರಿಗಾಗಿ ಒಂದು ಆ್ಯಪ್ ಮಾಡುತ್ತಿತ್ತು. ಗಿಡದ ಮೇಲೆ ಕಂಡ ಹುಳದ ಫೋಟೊ ತೆಗೆದರೆ ಅದು ಯಾವುದು, ಏನು ಮಾಡಬೇಕು ಎಂದು ಫೋನೇ ಹೇಳಬೇಕು. ಹಾಗೆ ಹೇಳುವುದನ್ನು ಯಂತ್ರಕ್ಕೆ ಕಲಿಸಲು ಸಾವಿರಾರು ಫೋಟೊಗಳಿಗೆ ಮನುಷ್ಯರು ಮೊದಲು ಹೆಸರು ಹಚ್ಚಬೇಕು. ಪತಂಗ ಮತ್ತು ಅವುಗಳ ಮರಿಹುಳಗಳ ಫೋಟೊಗಳು ನನ್ನ ಪಾಲಿನವು. ಇಡೀ ದಿನ ಗಾಜಿನ ಕಟ್ಟಡದ ಮೂಲೆಯೊಂದರಲ್ಲಿ ಕುಳಿತು, ಶ್ರೀನಿವಾಸಪುರದ ಮಾವಿನ ತೋಟದಿಂದಲೋ ರಾಮನಗರದ ಹಿತ್ತಿಲಿನಿಂದಲೋ ಬಂದ ಮಸುಕು ಚಿತ್ರಗಳನ್ನು ದೊಡ್ಡದು ಮಾಡಿ ನೋಡುವುದು. ನನಗೆ ಅದು ಹೇಳಿ ಮಾಡಿಸಿದ ಕೆಲಸ. ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಮೆಟ್ಟಿಲ ತಿರುವಿನ ಟ್ಯೂಬ್‌ಲೈಟಿನ ಕೆಳಗೆ ಗೋಡೆಯ ಮೇಲೆ ಹಸಿರು ಪತಂಗವೊಂದು ಕೂತಿತ್ತು. ನಾಲ್ಕೂ ರೆಕ್ಕೆಗಳನ್ನು ಗೋಡೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಮಾವಿನ ಎಳೆಯ ಎಲೆ ಸ್ವಲ್ಪ ಬಲಿತಾಗ ಬರುತ್ತದಲ್ಲ, ಆ ತಿಳಿ ಹಸಿರು. ಹತ್ತಿರ ಹೋದರೆ ಹಸಿರಿನ ತುಂಬ ಬಿಳಿಯ ಪುಟ್ಟ ಪುಟ್ಟ ಗೀರುಗಳು, ಒಣಗಿದ ಕುಂಚದಿಂದ ಸುಣ್ಣ ಎಳೆದಂತೆ. ಮುಂದಿನ ರೆಕ್ಕೆಯ ಮೇಲಂಚಿಗೆ ಹಳದಿ ಛಾಯೆ. ಅಡ್ಡಲಾಗಿ ಎರಡು ಮಸುಕಾದ ಬಿಳಿ ಗೆರೆ. ಹೊರಗಿನ ಗೆರೆ ಹಿಂದಿನ ರೆಕ್ಕೆಗೂ ಹಾಗೆಯೇ ಮುಂದುವರಿಯುತ್ತದೆ. ಹಿಂದಿನ ರೆಕ್ಕೆಯ ಅಂಚು ದುಂಡಗಿಲ್ಲ, ನಡುವೆ ಸಣ್ಣ ಮೊನೆಯಾಗಿದೆ. ಗಂಡಾದರೆ ಮೀಸೆ ಬಾಚಣಿಗೆಯ ಹಲ್ಲಿನಂತಿರುತ್ತದೆ. ಇದರ ಹಸಿರು ನಿಲ್ಲುವ ಬಣ್ಣವಲ್ಲ. ಸತ್ತ ಮೇಲೆ ತೇವ ತಾಗಿದರೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿಬಿಡುತ್ತದೆ.

ಇಷ್ಟು ಲಕ್ಷಣ ಹೇಳಿದರೂ ಅದರ ಹೆಸರು ಹೇಳಿದಂತಾಗುವುದಿಲ್ಲ. ಇದೇ ಹಸಿರು, ಇದೇ ಗೀರು, ಇದೇ ಮೊನೆ ಇರುವ ಪತಂಗಗಳು ಹಲವಿವೆ. ಥಲಸೋಡಿಸ್ ಎನ್ನಬೇಕೋ ಪೆಲಗೋಡಿಸ್ ಎನ್ನಬೇಕೋ ರೆಕ್ಕೆ ನೋಡಿ ತೀರ್ಮಾನಿಸಲಾಗದು. ಹೊಟ್ಟೆಯ ತುದಿ ಬಿಡಿಸಿ, ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಮಾತ್ರ ತಿಳಿಯುತ್ತದೆ. ನಮಗೆ ಪಾಠ ಮಾಡಿದ ಮೇಡಂ ಇವುಗಳ ಪೆಟ್ಟಿಗೆ ತೆರೆದಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು: ಇಲ್ಲಿ ಹೆಸರು ಹೇಳುವ ಆತುರ ಇರುವವರು ಬೇರೆ ಪೆಟ್ಟಿಗೆ ತೆಗೆದುಕೊಳ್ಳಿ.

ನಾನು ಗೋಡೆಗೆ ಮುಖ ಇಟ್ಟು ನಿಂತಿದ್ದನ್ನು ಕೆಳಗಿನಿಂದ ಕಂಡ ರತ್ನಮ್ಮನವರು ಮೇಲೆ ಬಂದರು. ಸೆರಗಿನಲ್ಲಿ ಕೋಳಿಗೆ ಹಾಕುವ ನುಚ್ಚು ಇತ್ತು. ಇದರ ಮರಿ ಹೇಗಿರುತ್ತದೆ ಎಂದು ಕೇಳಿದರು. ನಾನು ಕೊಂಬೆ ಹುಡುಕಿ ಒಂದನ್ನು ತೋರಿಸಿದೆ. ಕಡ್ಡಿಯಂಥ ಸಪೂರ ಹುಳ, ತಲೆಯ ಮೇಲೆ ಎರಡು ಮೊನೆ. ಮುಂದೆ ಮೂರು ಜೊತೆ ಕಾಲು, ಹಿಂದೆ ಎರಡು ಜೊತೆ, ನಡುವೆ ಏನೂ ಇಲ್ಲ. ಹಾಗಾಗಿ ಹಿಂದಿನ ಕಾಲನ್ನು ಮುಂದಿನದರ ಪಕ್ಕಕ್ಕೆ ಎಳೆದುಕೊಂಡು, ಬೆನ್ನನ್ನು ಕಮಾನು ಮಾಡಿ, ಮತ್ತೆ ಮೈ ಚಾಚಿ ಗೇಣು ಹಾಕುತ್ತಾ ಹೋಗುತ್ತದೆ. ಇಡೀ ಕುಟುಂಬಕ್ಕೇ ಭೂಮಿ ಅಳೆಯುವವು ಎಂದು ಹೆಸರಿದೆ ಆಂಟಿ ಎಂದೆ.

ರತ್ನಮ್ಮನವರು ಬಗ್ಗಿ ನೋಡಿದರು. "ಸರ್ವೇ ಹುಳ ಅನ್ನು. ಅಳೀಲಿ ಬುಡು. ಅಳೆಯೋರೆಲ್ಲಾ ಬಂದು ಅಳ್ದು ಮುಗಿಸವ್ರೆ, ಈ ಮರ ಒಂದು ಬಾಕಿ ಇತ್ತು."

ಮರಕ್ಕೆ ಏನಾದರೂ ಮಾಡುತ್ತದೆಯೇ ಎಂದು ಕೇಳಿದರು. ಎಳೆ ಎಲೆ ನಾಲ್ಕು ತಿನ್ನುತ್ತದೆ, ದೊಡ್ಡ ಮರಕ್ಕೆ ಅದರಿಂದ ಏನೂ ಆಗದು, ನಿಮ್ಮ ಕೋಳಿಗಳೇ ನೋಡಿಕೊಳ್ಳುತ್ತವೆ ಎಂದೆ. ನಿಜವೇ ಆಗಿತ್ತು. ದಾರದಲ್ಲಿ ಇಳಿದು ನೇತಾಡುವ ಹುಳಗಳಿಗಾಗಿ ಕೋಳಿಗಳು ಮರದ ಬುಡದಲ್ಲಿ ಕತ್ತು ಎತ್ತಿ ಕಾಯುತ್ತಿದ್ದವು. ಆ ಕೋಳಿಗಳನ್ನು ರತ್ನಮ್ಮ ಮಾರಲೂ ಇಲ್ಲ, ಹಬ್ಬಕ್ಕೆ ಕೊಯ್ಯಲೂ ಇಲ್ಲ. ಮಗಳು ಸುಮಾ ಬಸುರಿ. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ದೀಪಾವಳಿಯ ಆಸುಪಾಸಿಗೆ ಹೆರಿಗೆ, ಬಾಣಂತನಕ್ಕೆ ತವರಿಗೆ ಬರುತ್ತಾಳೆ. ಬಾಣಂತಿಗೆ ಮನೆಯಲ್ಲಿ ಸಾಕಿದ ಕೋಳಿಯ ಸಾರೇ ಆಗಬೇಕು, ಫಾರಂ ಕೋಳಿ ಎಂದರೆ ಹತ್ತಿ ತಿಂದ ಹಾಗೆ ಎಂದು ಅವರ ವಾದ. ಒಂದೊಂದು ಕೋಳಿಯ ಕಾಲು ಹಿಡಿದು ತೂಗಿ ನೋಡಿ, ಇದು ಮೊದಲನೇ ವಾರಕ್ಕೆ, ಇದು ನೀರೆರೆಯುವ ದಿನಕ್ಕೆ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿ ಇಟ್ಟಿದ್ದರು. ನನ್ನ ಹೆಸರು ವಿದ್ಯಾ, ಅವರ ಬಾಯಲ್ಲಿ ಇದ್ಯಮ್ಮ. ಒಂದು ದಿನ ಹೂವು ಕಟ್ಟುತ್ತಾ, "ಇದ್ಯಮ್ಮ, ಆ ಕೂಸಿಗೊಂದು ಎಸ್ರು ನೋಡಿ ಮಡಗು, ನೀನು ಓದ್ದವ್ಳು" ಎಂದಿದ್ದರು. ಹುಡುಕಿ ಕೆಲವು ಹೆಸರು ಬರೆದೂ ಇಟ್ಟಿದ್ದೆ.

ಆಫೀಸಿನಲ್ಲಿ ಈ ಹಸಿರು ಪತಂಗ, ಅದರ ಹುಳ ಎರಡೂ ಮತ್ತೆ ಮತ್ತೆ ಬರುತ್ತಿದ್ದವು. ಮಾವಿನ ಚಿಗುರಿಗೆ ನಿಜವಾಗಿ ತೊಂದರೆ ಕೊಡುವ ಒಂದು ಜಾತಿ ಇದೆ, ಮಾವಿನ ಅಳತೆ ಹುಳು. ಅದರಂತೆಯೇ ಕಾಣುವ, ಏನೂ ಮಾಡದ ಹತ್ತು ಜಾತಿಗಳಿವೆ. ಮೊದಲ ವಾರವೇ ನಾನು ಒಂದು ಬೇರೆ ವರ್ಗ ಬೇಕೆಂದು ಕೇಳಿದೆ. ಅನ್‌ನೋನ್ ಎಂದು ಹಾಕಿಬಿಡು ಎಂದಳು ಪಲ್ಲವಿ. ನಾನು ಒಪ್ಪಲಿಲ್ಲ. ಗೊತ್ತಿಲ್ಲ ಎನ್ನುವುದು ನೋಡುವವರ ಕೊರತೆ. ಇದು ಹಾಗಲ್ಲ, ಎಷ್ಟೇ ಬಲ್ಲವರು ನೋಡಿದರೂ ಈ ಫೋಟೊದಿಂದ ತಿಳಿಯುವುದಿಲ್ಲ. ಎರಡು ದಿನ ಯೋಚಿಸಿ ನಾನೇ ಕನ್ನಡದಲ್ಲಿ ಹೆಸರು ಇಟ್ಟೆ: ಚಿತ್ರದಿಂದ ಹೇಳಲಾಗದು. ಅದರ ಜೊತೆಗೆ ಫೋನು ಹೇಳಬೇಕಾದ ಮಾತನ್ನೂ ಬರೆದೆ. "ಈ ಚಿತ್ರದಿಂದ ಹೇಳಲಾಗದು. ಈಗಲೇ ಔಷಧಿ ಹೊಡೆಯಬೇಡಿ. ಒಂದು ವಾರ ಗಮನಿಸಿ."

ಪಲ್ಲವಿ ಓದಿ ನಕ್ಕಳು. ನಿನ್ನನ್ನೇ ಆ್ಯಪ್ ಮಾಡಿದ ಹಾಗಿದೆ ಕಣೇ ಎಂದಳು. ಆದರೆ ಮೀಟಿಂಗಿನಲ್ಲಿ ಅದಕ್ಕಾಗಿ ವಾದ ಮಾಡಿದವಳೂ ಅವಳೇ. ನಾನು ಮೇಜಿನ ಕೆಳಗೆ ಕೈ ಬಿಗಿಹಿಡಿದು ಕುಳಿತಿದ್ದೆ, ನನ್ನ ಪರವಾಗಿ ಅವಳು ಮಾತಾಡಿದಳು, ವರ್ಗ ಉಳಿಯಿತು. ಆ ಸಂಜೆ ಬಸ್ಸಿನಲ್ಲಿ ಅವಳ ಭುಜಕ್ಕೆ ತಲೆಯಿಟ್ಟು ಬಂದೆ. ಓದು ಮುಗಿಸಿ ನಾನು ಮಾಡಿದ ಕೆಲಸಗಳಲ್ಲಿ ನನ್ನದು ಎನ್ನಿಸಿದ್ದು ಆ ಒಂದು ಸಾಲು.

ಆಗಸ್ಟಿನಲ್ಲಿ ಪಲ್ಲವಿಗೆ ಬಡ್ತಿಯಾಯಿತು. ಇಡೀ ಆ್ಯಪಿನ ಹೊಣೆ ಅವಳ ಮೇಲೆ ಬಿತ್ತು. ಮಹದೇವಪುರದಲ್ಲಿ ಒಂದು ಫ್ಲ್ಯಾಟ್ ನೋಡಿಕೊಂಡು ಹೊರಟಳು. ನೀನೂ ಬಾ ಎಂದು ಕರೆದಳು. ನನಗೆ ಆ ಸೊಟ್ಟ ಮೆಟ್ಟಿಲು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವಳ ಹಾಸಿಗೆಯಿದ್ದ ಜಾಗ ಖಾಲಿಯಾಯಿತು. ಗೋಡೆಯಲ್ಲಿ ಅವಳ ಕನ್ನಡಿಯ ಮೊಳೆ ಉಳಿಯಿತು. ಆಫೀಸಿನಲ್ಲಿ ಅವಳು ಈಗ ಗಾಜಿನ ಕೋಣೆಗಳಲ್ಲೇ ಹೆಚ್ಚು ಇರುತ್ತಿದ್ದಳು. ಔಷಧಿ ಮಾರುವ ಕಂಪನಿಯೊಂದು ನಮ್ಮ ಆ್ಯಪನ್ನು ಕೊಳ್ಳಲು ನೋಡುತ್ತಿದೆ ಎಂದು ಮಾತು ಹಬ್ಬಿತ್ತು. ಅವರಿಗೆ ನನ್ನ ವರ್ಗ ಹಿಡಿಸಿಲ್ಲವಂತೆ. ಮಾವಿನ ಫೋಟೊಗಳಲ್ಲಿ ಅರ್ಧಕ್ಕರ್ಧ ಹೇಳಲಾಗದು ಎಂದೇ ಬರುತ್ತದೆ, ಹೇಳಲಾಗದಿದ್ದರೆ ಆ್ಯಪ್ ಯಾಕೆ ಎಂದು ಕೇಳಿದರಂತೆ. ನಾನು ಪಲ್ಲವಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ, ಹಾಸ್ಟೆಲಿನಲ್ಲಿ ಹಿಡಿಯುತ್ತಿದ್ದ ಹಾಗೆ ನನ್ನ ಕೈ ಹಿಡಿದಳು.

"ನಿನ್ನ 'ಹೇಳಲಾಗದು' ಎಲ್ಲೂ ಹೋಗಲ್ಲ ಕಣೇ. ನಾನಿದೀನಲ್ಲ."

ಆ ಮಾತಾಗಿ ಹೆಚ್ಚು ದಿನವಾಗಿರಲಿಲ್ಲ, ಧ್ವನಿಮುದ್ರಣದ ವಿಷಯ ಬಂತು. ಆ್ಯಪ್ ಕನ್ನಡದಲ್ಲಿ ಮಾತಾಡಬೇಕು. ಹೊರಗಿನವರನ್ನು ಕರೆಸಿದರೆ ನಾಟಕದ ಹಾಗೆ ಓದುತ್ತಾರೆ, ನಿನ್ನ ಕನ್ನಡ ಸ್ಪಷ್ಟ, ನೀನೇ ಓದು ಎಂದಳು ಪಲ್ಲವಿ. ನನ್ನ ದನಿಯನ್ನು ಯಾರಾದರೂ ಬೇಕು ಎಂದದ್ದು ಅದೇ ಮೊದಲು. ಒಂದು ಮಧ್ಯಾಹ್ನ ಚಿಕ್ಕ ಮೀಟಿಂಗ್ ರೂಮಿನ ಗಾಜಿಗೆಲ್ಲ ರಗ್ಗು ಕಟ್ಟಿ, ಸದ್ದಾಗುತ್ತದೆಂದು ಏಸಿ ಆರಿಸಿ, ಬೆವರುತ್ತಾ ಕುಳಿತು ಓದಿದೆವು. ನಾನು ಓದುವುದು, ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ಕೂತು ಕೇಳುವುದು. "ಇದು ಮಾವಿನ ಅಳತೆ ಹುಳು." "ಇಂದೇ ಔಷಧಿ ಸಿಂಪಡಿಸಿ." "ನಮಸ್ಕಾರ, ನಿಮ್ಮ ಗಿಡ ಈಗ ಹೇಗಿದೆ?" ಎಂಬುದು ವಾರಕ್ಕೊಮ್ಮೆ ರೈತರಿಗೆ ತಾನಾಗಿ ಹೋಗುವ ಫೋನ್ ಕರೆಗೆ. ಹೀಗೆ ನೂರಾರು ವಾಕ್ಯ. ನನ್ನ ಸಾಲು ಬಂದಾಗ ಪಲ್ಲವಿ ಮತ್ತೆ ಮತ್ತೆ ಓದಿಸಿದಳು. "'ಹೇಳಲಾಗದು' ಸ್ವಲ್ಪ ಮೆತ್ತಗೆ ಬರ್ಲಿ ವಿದ್ಯಾ. ರೈತರಿಗೆ ನಾವು ಕೈಬಿಟ್ವಿ ಅನ್ನಿಸ್ಬಾರ್ದು." ನಾನು ಕಣ್ಣು ಮುಚ್ಚಿಕೊಂಡು, ರತ್ನಮ್ಮನವರಿಗೆ ಹೇಳುತ್ತಿದ್ದೇನೆ ಎಂದುಕೊಂಡು ಓದಿದೆ. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು.

ಗೌರಿ ಹಬ್ಬಕ್ಕೆ ಪಲ್ಲವಿ ವರ್ತೂರಿನ ಮನೆಗೆ ಬಂದಳು. ರತ್ನಮ್ಮನವರಿಗೆ ಬಾಗಿನ ಕೊಟ್ಟು, ಅವರ ಫೋನು ಇಸಿದುಕೊಂಡು ಆ್ಯಪ್ ಹಾಕಿಕೊಟ್ಟಳು. ಇದರಲ್ಲಿ ಮಾತಾಡುವುದು ನಮ್ಮ ವಿದ್ಯಾನೇ ಆಂಟಿ, ಹುಳ ಕಂಡರೆ ಹೀಗೆ ಹಿಡಿದು ಒತ್ತಿ ಎಂದು ತೋರಿಸಿದಳು. ರತ್ನಮ್ಮನವರಿಗೆ ಓದಲು ಬರುವುದಿಲ್ಲ. ಫೋನಿನಿಂದ ನನ್ನ ದನಿ ಬಂದಾಗ ಫೋನನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಒಂದಿನಾನೂ ಇಷ್ಟು ಜೋರಾಗಿ ಮಾತಾಡಿಲ್ಲ ನೀನು" ಎಂದರು. ಮೂವರೂ ನಕ್ಕೆವು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಮಳೆ ಆ ವರ್ಷ ಅಕ್ಟೋಬರಿನಲ್ಲೂ ಬಿಡಲಿಲ್ಲ. ಮಾವಿನ ಮರ ಎರಡನೇ ಸಲ ಚಿಗುರಿ, ಕೊಂಬೆಯ ತುದಿಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಆಯುಧ ಪೂಜೆಯ ರಜೆಗೆ ನಾನು ಗೌರಿಬಿದನೂರಿಗೆ, ನಮ್ಮ ಮನೆಗೆ ಹೋದೆ. ವಾಪಸು ಬಂದ ಬೆಳಿಗ್ಗೆ ಗೇಟಿನ ಹತ್ತಿರವೇ ಆ ವಾಸನೆ ಬಂತು. ಹಿತ್ತಿಲಿಗೆ ಹೋದರೆ ಕೋಳಿಗಳ ಸದ್ದಿಲ್ಲ. ಮರದ ಬುಡದಲ್ಲಿ ಉದುರಿದ ಹುಳಗಳು ಕಪ್ಪಾಗಿ ಸುರುಟಿಕೊಂಡು ಬಿದ್ದಿದ್ದವು. ಒಗೆಯುವ ಕಲ್ಲಿನ ಪಕ್ಕ ಗೋಣಿಚೀಲದ ಮೇಲೆ ಕೋಳಿಗಳನ್ನು ಸಾಲಾಗಿ ಮಲಗಿಸಿದ್ದರು. ಕೆಲವಕ್ಕೆ ಕೊಕ್ಕಿನ ತುದಿಯಲ್ಲಿ ನೊರೆ ಒಣಗಿತ್ತು. ಕೆಳಗಿನ ಮನೆಯ ಯಾದಗಿರಿಯ ಗಂಡಸು ಬೇಲಿಯ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು.

ರತ್ನಮ್ಮನವರು ಮೆಟ್ಟಿಲ ಮೇಲೆ ಕುಳಿತಿದ್ದರು. ನಾನು ಏನಾಯಿತೆಂದು ಕೇಳಿದೆ. ಚಿಗುರಿನ ತುಂಬ ಸರ್ವೇ ಹುಳ ಬಂದಿತ್ತಂತೆ. ಮೊದಲಾಗಿದ್ದರೆ ಸುಮ್ಮನಿರುತ್ತಿದ್ದರು. ನಾನು ಊರಲ್ಲಿರಲಿಲ್ಲ, ಫೋನಿನಲ್ಲಿ ಇದ್ದೆನಲ್ಲ, ಕೇಳೋಣ ಎಂದು ಕೇಳಿದ್ದರು. ಔಷಧಿ ಅಂಗಡಿಯಿಂದ ಬಾಟಲಿ ತರಿಸಿ, ಬಾಡಿಗೆ ಪಂಪಿನಲ್ಲಿ ಹೊಡೆಸಿದ್ದರು. ಉದುರಿದ ಹುಳವನ್ನು ಕೋಳಿಗಳು ಮುಗಿಬಿದ್ದು ತಿಂದವು.

"ನೀನೇ ಏಳ್ದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಹೇಳಿಲ್ಲ ಎಂದೆ. ಅವರು ಎದ್ದು, ಫೋನು ತಂದು, ಅಂದು ತೆಗೆದ ಫೋಟೊವನ್ನು ಒತ್ತಿದರು. ಫೋಟೊದಲ್ಲಿ ಕೊಂಬೆಗಿಂತ ಅವರ ಹೆಬ್ಬೆರಳೇ ದೊಡ್ಡದಾಗಿತ್ತು. ಹುಳ ಒಂದು ಮಸುಕು ಗೆರೆ. ಅದನ್ನು ನೋಡಿ ಯಾರೂ ಏನೂ ಹೇಳಲಾರರು. ಫೋನಿನಿಂದ ನನ್ನ ದನಿ ಬಂತು. "ಇದು ಮಾವಿನ ಅಳತೆ ಹುಳು. ಇಂದೇ ಔಷಧಿ ಸಿಂಪಡಿಸಿ." ಮಧ್ಯೆ ಒಂದು ಸಣ್ಣ ಉಸಿರು. ಆ ಸೆಕೆಯ ಕೋಣೆಯಲ್ಲಿ ನಾನು ತೆಗೆದುಕೊಂಡ ಉಸಿರು ಅದು.

"ಅದು ನಾನಲ್ಲ ಆಂಟಿ."

"ದನಿ ನಿಂದಲ್ವಾ?"

"ದನಿ ನಂದೇ."

"ಮಾತು?"

ಮಾತೂ ನನ್ನದೇ. ನಾನು ಓದಿದ್ದೆ. ಬೇರೆ ಮಾತೂ ಓದಿದ್ದೆ, ಈ ಫೋಟೊಗೆ ಆ ಮಾತು ಬರಬೇಕಿತ್ತು, ಯಾಕೆ ಬರಲಿಲ್ಲವೋ ತಿಳಿಯದು ಎಂದು ವಿವರಿಸಲು ಹೋದೆ. ವರ್ಗ, ಯಂತ್ರ ಕಲಿಯುವ ರೀತಿ, ಏನೇನೋ ಹೇಳಿದೆ. ರತ್ನಮ್ಮನವರು ಗೋಣಿಚೀಲದ ಕಡೆ ನೋಡುತ್ತಾ ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ ಸೆರಗು ಕೊಡವಿಕೊಂಡು ಎದ್ದರು. "ಓಗ್ಲಿ ಬುಡಿ. ನೀವೇನು ಬೇಕಂತ ಏಳಿಲ್ಲ" ಎಂದರು.

ನನಗೆ ಆ ಕ್ಷಣ ಅರ್ಥವಾಗಲಿಲ್ಲ. ಕೋಣೆಗೆ ಹೋಗಿ ಬ್ಯಾಗು ಇಳಿಸಿದ ಮೇಲೆ ಹೊಳೆಯಿತು. ಅವರು ನನಗೆ ನೀವು ಎಂದಿದ್ದರು.

ಅದೇ ದಿನ ಆಫೀಸಿಗೆ ಹೋದೆ. ಪಲ್ಲವಿ ಮೇಲಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತಿದ್ದಳು. ನಾನು ಕೋಳಿಗಳ ವಿಷಯ ಹೇಳಿದೆ. ಅವಳ ಮುಖ ನಿಜವಾಗಿ ಬಾಡಿತು. ಅಯ್ಯೋ, ಸುಮಕ್ಕನ ಬಾಣಂತನಕ್ಕೆ ಇಟ್ಟಿದ್ದವಲ್ಲ ಎಂದಳು. ಹೊಸ ಕೋಳಿ ಕೊಡಿಸೋಣ, ನಾನು ಕೊಡುತ್ತೇನೆ ಎಂದಳು. ನಾನು ಕೇಳಬೇಕಾದ್ದು ಬೇರೆ ಇತ್ತು. ಆ ವರ್ಗ ಎಲ್ಲಿ ಹೋಯಿತು ಎಂದು ಕೇಳಿದೆ.

ಅವಳು ಸುತ್ತಿ ಬಳಸಲಿಲ್ಲ. ತೆಗೆದುಹಾಕಿದ್ದಾಯಿತು ಎಂದಳು. ನಾನು ತಿಂಗಳುಗಟ್ಟಲೆ ಹೇಳಲಾಗದು ಎಂದು ಗುರುತಿಸಿದ್ದ ಫೋಟೊಗಳನ್ನೆಲ್ಲ ಮಾವಿನ ಅಳತೆ ಹುಳುವಿನ ವರ್ಗಕ್ಕೆ ಸೇರಿಸಿದ್ದರು. ಯಂತ್ರ ಅದನ್ನೇ ಕಲಿತಿತ್ತು. ಎರಡೂ ಒಂದೇ ಥರ ಕಾಣುತ್ತವೆ ಎಂದು ನೀನೇ ಹೇಳಿದೀಯಲ್ಲ ಎಂದಳು. ಕೊಳ್ಳುವವರು ಹಿಂದೆ ಸರಿದಿದ್ದರೆ ಇಡೀ ಟೀಮು ಮುಚ್ಚುತ್ತಿತ್ತು, ನಿನ್ನ ಕೆಲಸವೂ ಹೋಗುತ್ತಿತ್ತು, ನಾನು ನಿನಗಾಗಿಯೂ ಮಾಡಿದೆ ಎಂದಳು. "ಲೈಫಲ್ಲಿ ಒಂದೊಂದ್ಸಲ ಅಡ್ಜಸ್ಟ್ ಮಾಡ್ಕೋಬೇಕಾಗತ್ತೆ ವಿದ್ಯಾ. ನಿನ್ ಪರವಾಗಿ ಯಾವಾಗ್ಲೂ ನಾನೇ ಮಾಡ್ಕೊಂಡು ಬಂದಿದೀನಿ."

ಅದರಲ್ಲಿ ಸುಳ್ಳಿರಲಿಲ್ಲ. ಯಾವಾಗ ತೆಗೆದದ್ದು ಎಂದು ಕೇಳಿದೆ. ಪಲ್ಲವಿ ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸಿದಳು.

"ರೆಕಾರ್ಡಿಂಗ್‌ಗೆ ಮುಂಚೆ."

"ಮತ್ತೆ ಆ ಸಾಲು ಯಾಕೆ ಓದಿಸ್ದೆ?"

"ಅದಿಲ್ಲ ಅಂದ್ರೆ ನೀನು ಮಿಕ್ಕಿದ್ದು ಓದ್ತಿರ್ಲಿಲ್ಲ."

ಮೆತ್ತಗೆ ಬರಲಿ ಎಂದದ್ದು, ಮತ್ತೆ ಮತ್ತೆ ಓದಿಸಿದ್ದು, ಹೆಬ್ಬೆರಳು ಎತ್ತಿದ್ದು ನೆನಪಾಯಿತು. ಯಾರೂ ಎಂದೂ ಕೇಳದ ಸಾಲಿಗಾಗಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ, ಅದು ಗೊತ್ತಿದ್ದೂ ಅವಳು ಎದುರಿಗೆ ಕೂತು ತಿದ್ದಿದ್ದಳು. ವರ್ಗ ತೆಗೆದದ್ದನ್ನು ಕಂಪನಿಯ ಒತ್ತಡ ಎಂದು ಎಂದಾದರೂ ಒಪ್ಪುತ್ತಿದ್ದೆನೇನೋ. ಆ ಮಧ್ಯಾಹ್ನವನ್ನು ಒಪ್ಪಲು ನನ್ನಿಂದ ಇವತ್ತಿಗೂ ಆಗಿಲ್ಲ. ನನ್ನನ್ನು ಚೆನ್ನಾಗಿ ಬಲ್ಲವಳೊಬ್ಬಳೇ ಅದನ್ನು ಮಾಡಬಹುದಿತ್ತು. ನಾನು ಎಲ್ಲಿ ಸೋಲುತ್ತೇನೆ ಎಂಬ ಲಕ್ಷಣಗಳೆಲ್ಲ ಅವಳಿಗೆ ಬಾಯಿಪಾಠವಿದ್ದವು.

ಕೆಲಸ ಬಿಟ್ಟೆ. ಬಿಡುವಾಗ ಒಂದೇ ಒಂದು ಕೇಳಿದೆ, ನನ್ನ ದನಿ ತೆಗೆಯಿರಿ ಎಂದು. ಆಫೀಸಿನ ಸಮಯದಲ್ಲಿ ಮುದ್ರಿಸಿದ್ದು ಕಂಪನಿಯ ಸ್ವತ್ತು ಎಂದು ಮಾನವ ಸಂಪನ್ಮೂಲ ವಿಭಾಗದ ಹುಡುಗಿ ಸೌಜನ್ಯದಿಂದ ಹೇಳಿದಳು. ಅಲ್ಲದೆ ಈಗ ಅವರಿಗೆ ನನ್ನ ಮುದ್ರಣಗಳ ಅಗತ್ಯವೂ ಇರಲಿಲ್ಲ. ಆ ಮಧ್ಯಾಹ್ನದ ದನಿಯಿಂದ ಯಂತ್ರ ನನ್ನ ಹಾಗೆ ಮಾತಾಡಲು ಕಲಿತಿತ್ತು. ಬರೆದುಕೊಟ್ಟ ಯಾವ ವಾಕ್ಯವನ್ನಾದರೂ ನನ್ನ ದನಿಯಲ್ಲಿ ಹೇಳಬಲ್ಲದಾಗಿತ್ತು. ಆಫೀಸು ಕೊಟ್ಟಿದ್ದ ಸಿಮ್ಮನ್ನು ಗುರುತಿನ ಚೀಟಿಯ ಜೊತೆ ಹಿಂದಿರುಗಿಸಿ ಬಂದೆ. ಪಲ್ಲವಿ ಲಿಫ್ಟಿನವರೆಗೂ ಬಂದಳು. ಬಾಗಿಲು ಮುಚ್ಚಿಕೊಂಡಿತು.

ವರ್ತೂರಿನ ಮನೆ ಖಾಲಿ ಮಾಡುವ ಮುಂಚೆ ಹೊಸಕೋಟೆಯ ಸಂತೆಗೆ ಹೋಗಿ ಎರಡು ನಾಟಿ ಕೋಳಿ ತಂದುಕೊಟ್ಟೆ. ರತ್ನಮ್ಮನವರು ಬೇಡವೆನ್ನಲಿಲ್ಲ. ಕಾಲು ಹಿಡಿದು ತೂಗಿಯೂ ನೋಡಲಿಲ್ಲ. ಯಾಕೆ ತೊಂದರೆ ತಗೊಂಡ್ರಿ ಮೇಡಂ ಎಂದು ಬುಟ್ಟಿಯ ಕೆಳಗೆ ಮುಚ್ಚಿದರು. ನಾನು ಹೊರಡುವ ದಿನವೂ ಅರಿಶಿನ ಕುಂಕುಮ ಕೊಟ್ಟು, ಹೂವು ಮುಡಿಸಿ, ಗೇಟಿನವರೆಗೆ ಬಂದು ಕಳಿಸಿದರು. ಆ ಮನೆಗೆ ಬಂದ ಯಾವ ಅಪರಿಚಿತರಿಗೂ ಅಷ್ಟು ಮರ್ಯಾದೆ ಸಿಗುತ್ತಿತ್ತು. ಇದ್ಯಮ್ಮ ಎಂದು ಮಾತ್ರ ಕರೆಯಲಿಲ್ಲ. ಕೂಸಿನ ಹೆಸರಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೀಪಾವಳಿ ಕಳೆದು ಕೆಲವು ದಿನಗಳಾದ ಮೇಲೆ ಗೌರಿಬಿದನೂರಿನಿಂದ ರತ್ನಮ್ಮನವರಿಗೆ ಫೋನು ಮಾಡಿದೆ. ಹೊಸ ಸಿಮ್ಮು, ಹೊಸ ನಂಬರು. ಸುಮಾಗೆ ಹೆರಿಗೆ ಆಯಿತೇ ಎಂದು ಕೇಳಬೇಕಿತ್ತು. ಬಹಳ ದಿನದಿಂದ ಆ ಮಾತನ್ನು ಹೇಗೆ ಶುರು ಮಾಡುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆ ಕಡೆ ಫೋನು ಎತ್ತಿದರು. "ನಮಸ್ಕಾರ, ಹೇಗಿದ್ದೀರಾ?" ಎಂದೆ.

ರತ್ನಮ್ಮನವರು ನನಗೆ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಯಾರಿಗೋ ಹೇಳುವುದು ಕೇಳಿಸಿತು. "ಅದೇ ಕಣೆ, ಆ ಮೇಡಮ್ಮಿನ ಮಿಷಿನ್ನು. ವಾರವಾರಕ್ಕೂ ಮಾಡಿ ಗಿಡ ಎಂಗೈತೆ ಅಂತದೆ. ಈಗ ನಮ್ಮನ್ನೂ ಇಚಾರಿಸ್ಕತಾ ಐತೆ."

"ಆಂಟಿ, ಇದು ನಾನೇ. ವಿದ್ಯಾ."

ಅವರ ಹಿಂದೆ, ಸ್ವಲ್ಪ ದೂರದಲ್ಲಿ, ಎಳೆಗೂಸೊಂದು ಅಳುತ್ತಿತ್ತು. ದನಿ ಇನ್ನೂ ಗಟ್ಟಿಯಾಗಿರಲಿಲ್ಲ. ನಾನು ಆ ಅಳುವಿಗೆ ಕಿವಿಗೊಟ್ಟೆ.

"ನೋಡು, ಎಸ್ರೂ ಏಳೋದು ಕಲ್ತೈತೆ" ಎಂದರು ರತ್ನಮ್ಮನವರು, ಮತ್ತು ಫೋನು ಇಟ್ಟರು.